ಆನ್‌ಲೈನ್ ಇಂಗ್ಲಿಷ್ ಕ್ಲಾಸ್‌ನಲ್ಲಿ ಗೇಮ್: ಮಕ್ಕಳು ಆಡ್ತಿದ್ದಾರಾ, ಕಲೀತಿದ್ದಾರಾ?

ಸಂಜೆ ಹೊತ್ತು ಮಕ್ಕಳನ್ನು ಆನ್‌ಲೈನ್ ಇಂಗ್ಲಿಷ್ ಕ್ಲಾಸ್‌ಗೆ ಸೇರಿಸುವುದು ಈಗ ಬೆಂಗಳೂರಿನವರಿಗೆ ಮಾತ್ರ ಸೀಮಿತವಾಗಿಲ್ಲ. ತಾಲ್ಲೂಕು ಕೇಂದ್ರಗಳಲ್ಲೂ, ಹೋಬಳಿ ಊರುಗಳಲ್ಲೂ ಸ್ಪೋಕನ್ ಇಂಗ್ಲಿಷ್, ಗ್ರಾಮರ್, ಎಸ್ಸೆಸ್ಸೆಲ್ಸಿ ಟ್ಯೂಷನ್ ಎಲ್ಲವೂ ಮೊಬೈಲ್ ಒಳಗೇ ನಡೀತಿವೆ. ಆದರೆ ಫೀಸು ಕಟ್ಟಿದ ಅಪ್ಪ ಅಮ್ಮಂದಿರಿಗೆ ಒಂದು ಅನುಮಾನ ಕಾಡ್ತಾ ಇರುತ್ತೆ. ಪಾಠ ಅಂತ ಫೋನ್ ತಗೊಂಡ ಮಗುವಿನ ಸ್ಕ್ರೀನ್ ಮೇಲೆ ನೋಡಿದ್ರೆ ಬಣ್ಣಬಣ್ಣದ ಚೌಕ, ಟಿಕ್ ಟಿಕ್ ಗಡಿಯಾರ, ಮ್ಯೂಸಿಕ್ಕು, ಪಾಯಿಂಟು. "ಏನೋ ಇದು?" ಅಂದ್ರೆ "ಮೇಡಂ ಆಡಿಸ್ತಿದ್ದಾರೆ" ಅನ್ನೋ ಉತ್ತರ.

ಈ ಉತ್ತರ ನಿಜವೂ ಇರಬಹುದು, ನೆಪವೂ ಇರಬಹುದು. ಯಾವುದು ಪಾಠದ ಆಟ, ಯಾವುದು ಟೈಂಪಾಸ್, ಯಾವುದು ದುಡ್ಡು ಕಳೆಯೋ ಗೇಮ್ ಅನ್ನುವ ವ್ಯತ್ಯಾಸ ಪೋಷಕರಿಗೆ ಗೊತ್ತಿದ್ದರೆ ಅನುಮಾನ ಅರ್ಧ ಕಡಿಮೆ ಆಗುತ್ತೆ.

ಕ್ಲಾಸ್ ಇದೆ, ಮಕ್ಕಳು ಇಲ್ಲ

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ರಾಜ್ಯದ ಮಕ್ಕಳು ದೂರದಿಂದ ಕಲಿಯುವುದನ್ನು ಮೊದಲ ಬಾರಿ ದೊಡ್ಡ ಮಟ್ಟದಲ್ಲಿ ನೋಡಿದರು. ಖಾಸಗಿ ಶಾಲೆಗಳು ಜೂಮ್, ಗೂಗಲ್ ಮೀಟ್ ಹಿಡಿದವು. ಸರ್ಕಾರಿ ಶಾಲೆ ಮಕ್ಕಳಿಗೆ ಚಂದನ ವಾಹಿನಿಯಲ್ಲಿ ಪಾಠ ಬಂತು, ವಿದ್ಯಾಗಮದ ಹೆಸರಲ್ಲಿ ಮೇಷ್ಟ್ರುಗಳು ಊರಿನ ಅರಳಿಕಟ್ಟೆ, ದೇವಸ್ಥಾನದ ಜಗಲಿಗೂ ಬಂದರು. ಆಗ ಎಲ್ಲ ಶಿಕ್ಷಕರೂ ಕಂಡ ಸಮಸ್ಯೆ ಒಂದೇ: ಹಾಜರಿ ಪಟ್ಟಿಯಲ್ಲಿ ಹೆಸರಿದೆ, ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ಆ ಕಡೆ ಮಗು ಇದೆಯೋ, ಊಟ ಮಾಡ್ತಿದೆಯೋ, ಯೂಟ್ಯೂಬ್ ನೋಡ್ತಿದೆಯೋ ಗೊತ್ತಾಗಲ್ಲ.

ಗಣಿತ, ವಿಜ್ಞಾನಕ್ಕಿಂತ ಭಾಷಾ ಕ್ಲಾಸ್‌ಗೆ ಇದು ದೊಡ್ಡ ಏಟು. ಲೆಕ್ಕವನ್ನು ನೋಡಿಯಾದರೂ ಸ್ವಲ್ಪ ಕಲಿಯಬಹುದು. ಭಾಷೆಯನ್ನು ಬಾಯಿ ಬಿಡದೆ ಕಲಿಯೋಕೆ ಆಗಲ್ಲ. ಈಜು ಕಲಿಯೋನು ಕೆರೆ ದಂಡೆ ಮೇಲೆ ಕೂತು ನೋಡಿದ ಹಾಗೆ ಆಗುತ್ತೆ.

ಫೋನ್ ಇಲ್ಲ ಅನ್ನುವ ಕಾಲವೂ ಈಗ ಹೆಚ್ಚು ಕಡಿಮೆ ಮುಗಿದಿದೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆ ಬಗ್ಗೆ ನಡೆಯುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ, 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರ ಸೋಷಿಯಲ್ ಮೀಡಿಯಾ ನೋಡಿದವರು ಸುಮಾರು ಶೇ 76. ಓದಿಗೆ ಸಂಬಂಧಿಸಿದ ಕೆಲಸಕ್ಕೆ ಫೋನ್ ಬಳಸಿದವರು ಸುಮಾರು ಶೇ 57. ಅಂದರೆ ಕೈಯಲ್ಲಿ ಫೋನ್ ಇದೆ, ಅದನ್ನು ಪಾಠದ ಕಡೆ ತಿರುಗಿಸೋದು ಹೇಗೆ ಅನ್ನುವುದೇ ಈಗಿನ ಪ್ರಶ್ನೆ. ಶಿಕ್ಷಕರು ಗೇಮ್ ಕಡೆ ಹೋಗಿದ್ದು ಇದೇ ಕಾರಣಕ್ಕೆ.

ಆಟದಿಂದ ಏನು ಲಾಭ?

ಒಂದು ಸಣ್ಣ ಲೆಕ್ಕ ನೋಡಿ. ಆನ್‌ಲೈನ್ ಕ್ಲಾಸ್‌ನಲ್ಲಿ 30 ಮಕ್ಕಳು, ಸಮಯ 45 ನಿಮಿಷ. ಶಿಕ್ಷಕರು ಪಾಠವನ್ನೇ ಮಾಡದೆ ಬರೀ ಒಬ್ಬೊಬ್ಬರನ್ನೇ ಪ್ರಶ್ನೆ ಕೇಳ್ತಾ ಹೋದರೂ ಒಂದು ಮಗುವಿಗೆ ಸಿಗೋದು ಒಂದೂವರೆ ನಿಮಿಷ. ಉಳಿದ ನಲವತ್ಮೂರೂವರೆ ನಿಮಿಷ ಆ ಮಗು ಸುಮ್ಮನೆ ಕೂತಿರಬೇಕು. ಅದೇ 10 ಪ್ರಶ್ನೆಯ ಒಂದು ಕ್ವಿಜ್ ಗೇಮ್ ಹಾಕಿದರೆ, ಹತ್ತು ನಿಮಿಷದೊಳಗೆ 30 ಮಕ್ಕಳೂ ಹತ್ತೂ ಪ್ರಶ್ನೆಗೆ ಉತ್ತರ ಕೊಡಬೇಕು. ಒಟ್ಟು 300 ಉತ್ತರ. ಯಾರೂ ಸುಮ್ಮನೆ ಕೂರೋ ಹಾಗಿಲ್ಲ.

ಎರಡನೇ ಲಾಭ ನಾಚಿಕೆಗೆ ಸಂಬಂಧಿಸಿದ್ದು. ನಮ್ಮ ಕಡೆ ಮಕ್ಕಳಿಗೆ ಇಂಗ್ಲಿಷ್ ಬರಲ್ಲ ಅನ್ನೋದಕ್ಕಿಂತ ತಪ್ಪು ಮಾತಾಡಿದ್ರೆ ನಗ್ತಾರೆ ಅನ್ನೋ ಭಯವೇ ಜಾಸ್ತಿ. ಗೇಮ್‌ನಲ್ಲಿ ಎಲ್ಲರೂ ಒಟ್ಟಿಗೇ ಉತ್ತರ ಒತ್ತುತ್ತಾರೆ. ತಪ್ಪು ಮಾಡಿದವರು ಯಾರು ಅಂತ ಪಕ್ಕದವರಿಗೆ ಗೊತ್ತಾಗಲ್ಲ. ಅಡ್ಡಹೆಸರಲ್ಲೂ ಆಡಬಹುದು. ಶಿಕ್ಷಕರಿಗೆ ಮಾತ್ರ ಪಟ್ಟಿ ಕಾಣುತ್ತೆ.

ಮೂರನೆಯದು ನೆನಪಿನ ವಿಚಾರ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಪಠ್ಯವನ್ನು ಎರಡು ಸಲ ಓದಿದರು. ಇನ್ನೊಂದು ಪಠ್ಯವನ್ನು ಒಂದು ಸಲ ಓದಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಆದರೆ ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು: ಬರೀ ಓದಿದ್ದರಲ್ಲಿ ಸುಮಾರು ಶೇ 42 ಉಳಿದಿತ್ತು, ಪರೀಕ್ಷೆ ಬರೆದಿದ್ದರಲ್ಲಿ ಸುಮಾರು ಶೇ 56. ತಲೆಯಿಂದ ಹೊರಗೆ ತೆಗೆದದ್ದು ಗಟ್ಟಿಯಾಗಿ ಉಳಿಯುತ್ತೆ ಅನ್ನೋದು ಇದರ ಸಾರ. ಕ್ವಿಜ್ ಗೇಮ್ ಮಾಡೋದೂ ಇದನ್ನೇ. ಪರೀಕ್ಷೆ ಅಂದ್ರೆ ಮಗು ಮುಖ ಸಿಂಡರಿಸುತ್ತೆ, ಗೇಮ್ ಅಂದ್ರೆ ಓಡಿ ಬರುತ್ತೆ, ಅಷ್ಟೇ ವ್ಯತ್ಯಾಸ.

ಇದರ ಜತೆಗೆ ಬಿಟ್ಟು ಬಿಟ್ಟು ಮತ್ತೆ ಕೇಳುವುದೂ ಮುಖ್ಯ. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಬೇಗ ಮರೆತುಹೋಗುತ್ತೆ ಎಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಸೋಮವಾರ ಕಲಿಸಿದ ಹತ್ತು ಪದವನ್ನು ಬುಧವಾರ ಒಂದು ಸಲ, ಮುಂದಿನ ಸೋಮವಾರ ಇನ್ನೊಂದು ಸಲ ಆಡಿಸಿದರೆ ಉಳಿಯುತ್ತೆ. ಒಂದೇ ದಿನ ಮೂವತ್ತು ಸಲ ಆಡಿಸಿದ್ರೆ ಬೇಜಾರು ಬರುತ್ತೆ, ನೆನಪು ಉಳಿಯಲ್ಲ.

ಯಾವ್ಯಾವ ಗೇಮ್ ಬಳಸ್ತಾರೆ?

ಕಹೂಟ್: ನಾರ್ವೆ ದೇಶದ್ದು. ಅಲ್ಲಿನ ವಿಶ್ವವಿದ್ಯಾಲಯವೊಂದರ ಸಂಶೋಧನೆಯಿಂದ ಹುಟ್ಟಿ 2013ರಲ್ಲಿ ಸಾರ್ವಜನಿಕ ಬಳಕೆಗೆ ಬಂತು. ಶಿಕ್ಷಕರು ಕೊಡುವ ನಂಬರ್ ಒತ್ತಿ ಮಕ್ಕಳು ಒಳಗೆ ಬರ್ತಾರೆ. ಪ್ರಶ್ನೆಗೆ ನಾಲ್ಕು ಬಣ್ಣದ ಉತ್ತರ. ಸರಿ ಉತ್ತರ ಬೇಗ ಒತ್ತಿದಷ್ಟೂ ಪಾಯಿಂಟ್ ಜಾಸ್ತಿ, ಒಂದು ಪ್ರಶ್ನೆಗೆ ಸಾಮಾನ್ಯವಾಗಿ 1000ದವರೆಗೆ.

ಕ್ವಿಜಿಜ್: ಇದು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು. ಅಂಕಿತ್ ಗುಪ್ತ ಮತ್ತು ದೀಪಕ್ ಚೀನತ್ 2015ರಲ್ಲಿ ಶುರು ಮಾಡಿದ ಈ ಕಂಪನಿ ಅಮೆರಿಕದ ಶಾಲೆಗಳಲ್ಲಿ ದೊಡ್ಡ ಹೆಸರು ಮಾಡಿತು. 2025ರಲ್ಲಿ ಹೆಸರು ಬದಲಾಯಿಸಿ ವೇಗ್ರೌಂಡ್ ಆಗಿದೆ. ಇದರಲ್ಲಿ ಪ್ರಶ್ನೆ ಮಗುವಿನ ಫೋನಿಗೇ ಬರುತ್ತೆ. ಮಗು ತನ್ನ ವೇಗದಲ್ಲಿ ಆಡಬಹುದು. ಹೋಂವರ್ಕ್ ಆಗಿಯೂ ಕೊಡಬಹುದು.

ವರ್ಡ್‌ವಾಲ್: ಚಿತ್ರಕ್ಕೆ ಪದ ಹೊಂದಿಸೋದು, ಚಕ್ರ ತಿರುಗಿಸೋದು, ಕಲೆಸಿದ ಪದಗಳನ್ನು ವಾಕ್ಯ ಮಾಡೋದು ಇಂಥ ಸಣ್ಣ ಆಟಗಳಿಗೆ ಶಿಕ್ಷಕರು ಹೆಚ್ಚು ಬಳಸುವುದು ಇದನ್ನು.

ಡುಯೊಲಿಂಗೊ: ಇದು ಕ್ಲಾಸ್‌ನಲ್ಲಿ ಗುಂಪಾಗಿ ಆಡುವಂಥದ್ದಲ್ಲ, ಒಬ್ಬೊಬ್ಬರೇ ಕಲಿಯುವ ಆ್ಯಪ್. 2012ರಿಂದ ಇದೆ. ದಿನಾ ಬಿಡದೆ ಆಡಿದರೆ ದಿನಗಳ ಲೆಕ್ಕ ಏರ್ತಾ ಹೋಗುತ್ತೆ, ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಮೊದಲಿಗೆ. ಈ ಲೆಕ್ಕ ಕಾಪಾಡಿಕೊಳ್ಳೋಕೇ ಎಷ್ಟೋ ಜನ ದಿನಾ ತೆರೆಯುತ್ತಾರೆ.

ಇವುಗಳ ಉಚಿತ ಆವೃತ್ತಿಯಲ್ಲಿ ಎಷ್ಟು ಮಕ್ಕಳು ಆಡಬಹುದು, ಎಷ್ಟು ಆಟ ಮಾಡಬಹುದು ಅನ್ನುವುದಕ್ಕೆ ಮಿತಿ ಇರುತ್ತೆ. ಹಣ ಕಟ್ಟಬೇಕಾಗಿ ಬಂದರೆ ಅದನ್ನು ಕಟ್ಟಬೇಕಾದವರು ಕ್ಲಾಸ್ ನಡೆಸುವವರು. ಕೋಡ್ ಹಾಕಿ ಆಡುವ ಮಗು ದುಡ್ಡು ಕೊಡಬೇಕಾಗಿಲ್ಲ.

ಕನ್ನಡದ ಮಕ್ಕಳಿಗೆ ಯಾವ ಆಟ ಬೇಕು?

ಇಂಟರ್ನೆಟ್‌ನಲ್ಲಿ ಸಿಗುವ ಸಿದ್ಧ ಗೇಮ್ ಬಹಳ ಇವೆ. ಆದರೆ ಅಮೆರಿಕದ ಮಕ್ಕಳಿಗೆ ಮಾಡಿದ್ದು ನಮ್ಮ ಮಕ್ಕಳಿಗೆ ಸರಿಹೊಂದಲ್ಲ. ಕನ್ನಡ ಮಾತಾಡುವ ಮಗು ಇಂಗ್ಲಿಷ್‌ನಲ್ಲಿ ಎಡವುವ ಜಾಗಗಳೇ ಬೇರೆ. ಒಳ್ಳೆ ಶಿಕ್ಷಕರು ಆ ಜಾಗಗಳಿಗೇ ಆಟ ಕಟ್ಟುತ್ತಾರೆ.

ಮೊದಲನೆಯದು ಪದಗಳ ಸಾಲು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ: "ರವಿ ಅಂಗಡಿಗೆ ಹೋದ." ಇಂಗ್ಲಿಷ್‌ನಲ್ಲಿ ಅದು ಮಧ್ಯಕ್ಕೆ ಬರಬೇಕು: "ರವಿ ವೆಂಟ್ ಟು ದ ಶಾಪ್." ಕನ್ನಡದ 'ಗೆ' ಪದದ ಬಾಲಕ್ಕೆ ಅಂಟಿಕೊಳ್ಳುತ್ತೆ, ಇಂಗ್ಲಿಷ್‌ನ 'ಟು' ಪದದ ಮುಂದೆ ಬೇರೆಯಾಗಿ ನಿಲ್ಲುತ್ತೆ. 'ದ' ಅನ್ನೋದಕ್ಕೆ ಕನ್ನಡದಲ್ಲಿ ಜೊತೆಯೇ ಇಲ್ಲ. ಹಾಗಾಗಿ ಮಗು "ರವಿ ಶಾಪ್ ವೆಂಟ್" ಅನ್ನುತ್ತೆ. ಇದು ದಡ್ಡತನ ಅಲ್ಲ, ತನ್ನ ಭಾಷೆಯ ನಿಯಮವನ್ನು ಮಗು ನಿಷ್ಠೆಯಿಂದ ಪಾಲಿಸ್ತಿದೆ ಅಷ್ಟೇ. ಐದು ಪದ ಕಲೆಸಿ ಕೊಟ್ಟು ಸಾಲಾಗಿ ಜೋಡಿಸುವ ಆಟ ಇದಕ್ಕೆ ಮದ್ದು. ಇಪ್ಪತ್ತು ವಾಕ್ಯ ಜೋಡಿಸಿದ ಮೇಲೆ ನಿಯಮವನ್ನು ಬಾಯಿಪಾಠ ಮಾಡಿಸಬೇಕಾಗಲ್ಲ.

ಎರಡನೆಯದು ಕಿವಿಯ ಆಟ. ತಿನ್ನುವ 'ಸ್ನ್ಯಾಕ್' ಮತ್ತು ಹಾವು ಎಂಬ ಅರ್ಥದ 'ಸ್ನೇಕ್' ನಡುವೆ ವ್ಯತ್ಯಾಸ ಕೇಳಿಸಬೇಕು. ಇಲ್ಲಾಂದ್ರೆ ಬೇಕರಿಗೆ ಹೋಗಿ ಹಾವು ಕೇಳಿದ ಹಾಗಾಗುತ್ತೆ. ಇನ್ನು ಇಂಗ್ಲಿಷ್‌ನಲ್ಲಿ ಎರಡು ಬೇರೆ ಬೇರೆ ಅಕ್ಷರಗಳಿರುವ ಕಡೆ ಕನ್ನಡದಲ್ಲಿ ಒಂದೇ 'ವ' ಇದೆ. ಪಶ್ಚಿಮ ದಿಕ್ಕಿನ 'ವೆಸ್ಟ್', ಮೈಮೇಲೆ ಹಾಕೋ 'ವೆಸ್ಟ್' ಎರಡನ್ನೂ ಕನ್ನಡದಲ್ಲಿ ಒಂದೇ ಥರ ಬರೀತೀವಿ. ಒಂದರಲ್ಲಿ ತುಟಿ ಗುಂಡಗೆ ಮಾಡಬೇಕು, ಇನ್ನೊಂದರಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಶಿಕ್ಷಕರು ಪದ ಹೇಳೋದು, ಮಕ್ಕಳು ಸರಿಯಾದ ಚಿತ್ರ ಒತ್ತೋದು. ಆಮೇಲೆ ಮಕ್ಕಳೇ ಹೇಳೋದು, ಉಳಿದವರು ಒತ್ತೋದು. ಎಲ್ಲರೂ ತಪ್ಪು ಚಿತ್ರ ಒತ್ತಿದರೆ ತನ್ನ ಉಚ್ಚಾರ ಎಲ್ಲಿ ತಪ್ಪಿತು ಅಂತ ಹೇಳಿದವರಿಗೆ ತಾನಾಗೇ ಗೊತ್ತಾಗುತ್ತೆ.

ಮೂರನೆಯದು ಬಾಯಿಯ ಆಟ. ಇದಕ್ಕೆ ಯಾವ ಆ್ಯಪ್ಪೂ ಬೇಡ. ಒಂದು ಮಗು ಅಂಗಡಿಯವರು, ಇನ್ನೊಂದು ಗಿರಾಕಿ. ಅಕ್ಕಿ, ಸೋಪು, ಬೆಂಕಿಪೊಟ್ಟಣ ಕೇಳಬೇಕು, ರೇಟು ಕೇಳಬೇಕು, ಚೌಕಾಸಿ ಮಾಡಬೇಕು, ಚಿಲ್ಲರೆ ವಾಪಸ್ ಕೊಡಬೇಕು, ಎಲ್ಲವೂ ಇಂಗ್ಲಿಷ್‌ನಲ್ಲೇ. ಅಂಗಡಿ ಮನೆಯ ಮಕ್ಕಳಿಗೆ ಇಲ್ಲಿ ಹೆಚ್ಚುಗಾರಿಕೆ. ಅವರಿಗೆ ವ್ಯವಹಾರದ ಮಾತು ಗೊತ್ತು, ಅದಕ್ಕೆ ಇಂಗ್ಲಿಷ್ ಪದ ಮಾತ್ರ ಸಿಗಬೇಕು. ಮನಸ್ಸಿನಲ್ಲಿ ಒಂದು ವಸ್ತು ಇಟ್ಟುಕೊಂಡು, ಉಳಿದವರು ಹೌದು ಅಲ್ಲ ಎಂಬ ಉತ್ತರ ಬರುವ ಪ್ರಶ್ನೆ ಕೇಳಿ ಕಂಡುಹಿಡಿಯುವ ಆಟವೂ ಪ್ರಶ್ನೆ ಕೇಳೋ ಅಭ್ಯಾಸಕ್ಕೆ ಒಳ್ಳೆಯದು.

ಕನ್ನಡ ಕಲಿಯೋರಿಗೂ ಇದೇ ದಾರಿ

ಈ ವಿಧಾನ ಇಂಗ್ಲಿಷ್‌ಗೆ ಮಾತ್ರ ಅಲ್ಲ. ಹೊರದೇಶದಲ್ಲಿರುವ ಕನ್ನಡ ಕುಟುಂಬಗಳು ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ತರಗತಿ ನಡೆಸುತ್ತವೆ, ಕೆಲವು ಆನ್‌ಲೈನ್‌ನಲ್ಲೇ. ನಮ್ಮ ಊರುಗಳಲ್ಲೂ ಬಿಹಾರ, ರಾಜಸ್ಥಾನ, ಒಡಿಶಾ ಕಡೆಯಿಂದ ಬಂದು ಅಂಗಡಿ, ಗಾರೆ ಕೆಲಸ, ಹೋಟೆಲ್‌ನಲ್ಲಿ ಇರುವವರ ಮಕ್ಕಳು ಕನ್ನಡ ಶಾಲೆಗೆ ಬರ್ತಿದ್ದಾರೆ.

ಇವರಿಗೆ ಕಷ್ಟ ಆಗೋದು ಲ ಮತ್ತು ಳ, ಹ್ರಸ್ವ ಮತ್ತು ದೀರ್ಘ. ಬೆಲೆ, ಬೆಳೆ, ಬೇಳೆ ಈ ಮೂರೂ ಕಿವಿಗೆ ಹತ್ತಿರ, ಅರ್ಥ ದೂರ. "ತೊಗರಿ ಬೆಳೆ ಕಡಿಮೆ ಆಗಿ ತೊಗರಿ ಬೇಳೆ ಬೆಲೆ ಏರಿದೆ" ಅನ್ನೋ ವಾಕ್ಯವನ್ನು ಕೇಳಿಸಿ, ಮೂರು ಚಿತ್ರ ಸಾಲಾಗಿ ಇಡೋಕೆ ಹೇಳಿದರೆ ಅದೇ ಒಂದು ಆಟ. ಹುಲಿ, ಹುಳಿ, ಹಾಲು, ಹಾಳು, ಕಲೆ, ಕಳೆ ಹೀಗೆ ಎಷ್ಟು ಬೇಕಾದರೂ ಸಿಗುತ್ತವೆ. ಒಗಟು, ಅಂತ್ಯಾಕ್ಷರಿ, ಪದಬಂಧ ನಮ್ಮಲ್ಲಿ ಮೊದಲಿಂದಲೂ ಇದ್ದ ಭಾಷೆಯ ಆಟಗಳೇ. ಹೊಸದಾಗಿ ಬಂದಿರೋದು ಸ್ಕ್ರೀನ್ ಮಾತ್ರ.

ಮನೆಯಲ್ಲಿ ಒಂದೇ ಫೋನ್, ಅದೂ ಅಂಗಡಿ ಫೋನ್

ತಾಲ್ಲೂಕಿನ ಮನೆಗಳ ನಿಜವಾದ ತೊಡಕು ಇಲ್ಲಿದೆ. ಕ್ಲಾಸ್ ಸಂಜೆ ಏಳಕ್ಕೆ. ಅಂಗಡಿಯಲ್ಲಿ ವ್ಯಾಪಾರವೂ ಸಂಜೆ ಏಳಕ್ಕೇ. ಫೋನ್‌ಪೇ, ಗೂಗಲ್ ಪೇ ಇರುವ ಫೋನ್ ಮಗುವಿನ ಕೈಗೆ ಹೋದರೆ ದುಡ್ಡು ಬಂತೋ ಇಲ್ವೋ ನೋಡೋದು ಹೇಗೆ? ಕ್ಯೂಆರ್ ಸೌಂಡ್ ಬಾಕ್ಸ್ ಇದ್ದವರಿಗೆ ಈ ಚಿಂತೆ ಸ್ವಲ್ಪ ಕಡಿಮೆ. ಸಾಮಾನ್ಯವಾಗಿ ಅದರಲ್ಲಿ ಬೇರೆ ಸಿಮ್ ಇರೋದ್ರಿಂದ ಫೋನ್ ಮನೆಯಲ್ಲಿದ್ದರೂ ಹಣ ಬಂದದ್ದು ಅಂಗಡಿಯಲ್ಲಿ ಕೇಳಿಸುತ್ತೆ. ಆದರೆ ಯುಪಿಐ ಇರುವ ಫೋನ್ ಕೊಡುವಾಗ ಆ ಆ್ಯಪ್‌ಗಳಿಗೆ ಲಾಕ್ ಹಾಕಿರಬೇಕು, ಪಿನ್ ಮಗುವಿಗೆ ಹೇಳಿರಬಾರದು. ಮನೆಯಲ್ಲಿ ಹಳೆ ಸ್ಮಾರ್ಟ್‌ಫೋನ್ ಇದ್ದರೆ ಸಿಮ್ ಇಲ್ಲದೆಯೂ ಹಾಟ್‌ಸ್ಪಾಟ್ ಕೊಟ್ಟು ಅದರಲ್ಲೇ ಕ್ಲಾಸ್ ಮಾಡಿಸಬಹುದು. ಇದೇ ಎಲ್ಲಕ್ಕಿಂತ ಸುರಕ್ಷಿತ ದಾರಿ.

ಇನ್ನೊಂದು ತೊಡಕು: ಒಂದೇ ಫೋನಿನಲ್ಲಿ ಕ್ಲಾಸೂ ನಡೀಬೇಕು, ಗೇಮೂ ತೆರೀಬೇಕು. ಮೀಟ್‌ನಿಂದ ಬ್ರೌಸರ್‌ಗೆ ಹೋಗಿ ಬರೋದ್ರಲ್ಲೇ ಮಗು ಹಿಂದೆ ಬೀಳುತ್ತೆ. ನೆಟ್‌ವರ್ಕ್ ಎರಡೇ ಕಡ್ಡಿ ಇರುವ ಹಳ್ಳಿಯಲ್ಲಂತೂ ಪ್ರಶ್ನೆ ತೆರೆಯೋದ್ರೊಳಗೆ ಸಮಯ ಮುಗಿದಿರುತ್ತೆ. ಇದಕ್ಕೆ ಶಿಕ್ಷಕರ ಕಡೆಯಿಂದ ಕೆಲವು ಸರಳ ಪರಿಹಾರಗಳಿವೆ:

• ಪ್ರಶ್ನೆಯನ್ನು ಕ್ಲಾಸ್ ಸ್ಕ್ರೀನ್ ಮೇಲೇ ತೋರಿಸಿ, ಮಕ್ಕಳಿಂದ ಉತ್ತರವನ್ನು 1, 2, 3, 4 ಅಂತ ಚಾಟ್‌ನಲ್ಲಿ ಹಾಕಿಸುವುದು. ಬೇರೆ ಆ್ಯಪ್ ಬೇಕಿಲ್ಲ. ಶಿಕ್ಷಕರು "ಈಗ ಕಳಿಸಿ" ಅಂದ ಮೇಲೇ ಎಲ್ಲರೂ ಒಟ್ಟಿಗೆ ಕಳಿಸಿದರೆ ನೋಡಿ ಬರೆಯೋಕಾಗಲ್ಲ.
• ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಪೋಲ್ ಹಾಕುವುದು. ಡೇಟಾ ತೀರಾ ಕಡಿಮೆ ಸಾಕು. ಆದರೆ ಯಾರು ಯಾವ ಉತ್ತರ ಒತ್ತಿದರು ಅಂತ ಗ್ರೂಪ್‌ನವರಿಗೆಲ್ಲ ಕಾಣುತ್ತೆ ಅನ್ನೋದು ನೆನಪಿರಲಿ.
• ಉತ್ತರವನ್ನು ವಾಯ್ಸ್ ಮೆಸೇಜ್ ಆಗಿ ಕಳಿಸೋಕೆ ಹೇಳುವುದು. ನಾಚಿಕೆ ಸ್ವಭಾವದ ಮಗು ಮೂರು ಸಲ ಅಳಿಸಿ ನಾಲ್ಕನೇ ಸಲ ಚೆನ್ನಾಗಿ ಹೇಳಿ ಕಳಿಸುತ್ತೆ. ಆ ಮೂರು ಸಲವೂ ಅಭ್ಯಾಸವೇ.
• ಗೇಮ್ ಅನ್ನು ಹೋಂವರ್ಕ್ ಆಗಿ ಕೊಟ್ಟು ಎರಡು ದಿನ ಸಮಯ ಬಿಡುವುದು. ಅಂಗಡಿ ಬಾಗಿಲು ಹಾಕಿದ ಮೇಲೆ ಫೋನ್ ಸಿಕ್ಕ ಮಗುವೂ ಆಡಬಹುದು.
• ಗಡಿಯಾರ ತೆಗೆಯುವುದು ಅಥವಾ ಸಮಯ ಹೆಚ್ಚು ಕೊಡುವುದು. ಹೆಚ್ಚಿನ ಕ್ವಿಜ್ ಗೇಮ್‌ಗಳಲ್ಲಿ ಈ ಅವಕಾಶ ಇದೆ.

ಆಟ ಎಲ್ಲಿ ಸೋಲುತ್ತೆ?

ಗೇಮ್ ಹಾಕಿದ ಮಾತ್ರಕ್ಕೆ ಮಗು ಕಲೀತು ಅಂತ ಅಲ್ಲ. ನಾಲ್ಕು ಉತ್ತರ ಇರುವ ಪ್ರಶ್ನೆಗೆ ಕಣ್ಣು ಮುಚ್ಚಿ ಒತ್ತಿದರೂ ನಾಲ್ಕರಲ್ಲಿ ಒಂದು ಸರಿ ಬರುತ್ತೆ. ವೇಗಕ್ಕೆ ಪಾಯಿಂಟ್ ಕೊಟ್ಟರೆ ಮಗು ಓದದೇ ಒತ್ತೋದು ಕಲಿಯುತ್ತೆ. ಪ್ರತಿ ದಿನ ಅದೇ ಮೂರು ಮಕ್ಕಳು ಪಟ್ಟಿಯ ಮೇಲೆ ಇದ್ದರೆ ಕೊನೆಯಲ್ಲಿರುವ ಹತ್ತು ಮಕ್ಕಳು ಆಡೋದನ್ನೇ ಬಿಡ್ತಾರೆ. ಯಾರಿಗೆ ಆಟ ಹೆಚ್ಚು ಬೇಕಿತ್ತೋ ಅವರೇ ಹೊರಗುಳಿದ ಹಾಗಾಯ್ತು. ಗುಂಪು ಮಾಡಿ ಆಡಿಸುವುದು, ಹೋದ ವಾರಕ್ಕಿಂತ ಈ ವಾರ ಎಷ್ಟು ಜಾಸ್ತಿ ಸರಿ ಅಂತ ಮಗುವನ್ನು ಅದರ ಜೊತೆಗೇ ಹೋಲಿಸುವುದು ಇದಕ್ಕೆ ದಾರಿ.

ಎಲ್ಲಕ್ಕಿಂತ ದೊಡ್ಡ ಮಿತಿ ಎಂದರೆ, ಸರಿ ಪದವನ್ನು ಗುರುತಿಸೋದು ಬೇರೆ, ಆ ಪದವನ್ನು ತಾನೇ ಹುಡುಕಿ ಮಾತಾಡೋದು ಬೇರೆ. ಕ್ವಿಜ್‌ನಲ್ಲಿ ಹತ್ತಕ್ಕೆ ಹತ್ತು ತಗೊಂಡ ಮಗು "ನಿನ್ನ ಊರಿನ ಬಗ್ಗೆ ಎರಡು ವಾಕ್ಯ ಹೇಳು" ಅಂದ್ರೆ ತಡವರಿಸಬಹುದು. ಅದಕ್ಕೇ ಹದವಾದ ಕ್ಲಾಸ್‌ನಲ್ಲಿ ಆಟ ಹತ್ತು ಹನ್ನೆರಡು ನಿಮಿಷ ಮಾತ್ರ. ಆಟದ ನಂತರ ಮಕ್ಕಳು ಮಾತಾಡಬೇಕು, ಎರಡು ಸಾಲು ನೋಟ್‌ಬುಕ್‌ನಲ್ಲಿ ಬರೆಯಬೇಕು. ಊಟದಲ್ಲಿ ಉಪ್ಪಿನಕಾಯಿ ಇದ್ದ ಹಾಗೆ ಆಟ ಇರಬೇಕು, ಅದೇ ಊಟ ಆಗಬಾರದು.

ಶಿಕ್ಷಕರಿಗೆ ಗೇಮ್‌ನಿಂದ ಸಿಗುವ ನಿಜವಾದ ಲಾಭ ಆಟ ಮುಗಿದ ಮೇಲೆ ಬರುವ ವರದಿಯಲ್ಲಿದೆ. ಯಾವ ಪ್ರಶ್ನೆಗೆ ಎಷ್ಟು ಮಕ್ಕಳು ತಪ್ಪು ಮಾಡಿದರು ಅಂತ ಅದರಲ್ಲಿ ಕಾಣುತ್ತೆ. 30ರಲ್ಲಿ 22 ಮಕ್ಕಳು ಒಂದೇ ಪ್ರಶ್ನೆ ತಪ್ಪು ಮಾಡಿದ್ದರೆ ಮಕ್ಕಳನ್ನು ಬೈಯುವ ಬದಲು ಆ ಪಾಠವನ್ನು ಇನ್ನೊಂದು ರೀತಿಯಲ್ಲಿ ಹೇಳಿಕೊಡಬೇಕು. ಈ ವರದಿ ತೆರೆದು ನೋಡದ ಶಿಕ್ಷಕರು ಆಡಿಸಿದ್ದು ಬರೀ ಆಟವೇ.

ದುಡ್ಡಿನ ಗೇಮ್ ಬೇರೆ, ಪಾಠದ ಗೇಮ್ ಬೇರೆ

ಆನ್‌ಲೈನ್ ಗೇಮ್ ಅಂದ ತಕ್ಷಣ ಊರಲ್ಲಿ ಜನರಿಗೆ ನೆನಪಾಗೋದು ರಮ್ಮಿ, ಬೆಟ್ಟಿಂಗ್, ಸಾಲ ಮಾಡಿ ಕಳೆದುಕೊಂಡವರ ಕಥೆ. ಆ ಭಯ ಸುಮ್ಮನೆ ಬಂದದ್ದಲ್ಲ. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ತಂದು, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆಗೆ ಆಡುವ ಗೇಮ್‌ಗಳನ್ನು ನಡೆಸುವುದನ್ನೇ ನಿಷೇಧಿಸಿತು. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅದೃಷ್ಟದ ಆಟವೋ ಜಾಣ್ಮೆಯ ಆಟವೋ ಅನ್ನುವ ಭೇದ ಈ ಕಾಯ್ದೆಯಲ್ಲಿಲ್ಲ. ದುಡ್ಡು ಪಣಕ್ಕಿಟ್ಟು ಆಡುವಂತಿದ್ದರೆ ನಿಷೇಧ. ಕಲಿಕೆ, ಮನರಂಜನೆಗಾಗಿ ಇರುವ ಆಟಗಳಿಗೆ ಈ ನಿಷೇಧ ಅನ್ವಯಿಸಲ್ಲ.

ಪೋಷಕರಿಗೆ ಗುರುತು ಸರಳ. ಪಾಠದ ಗೇಮ್‌ನಲ್ಲಿ ಮಗು ದುಡ್ಡು ಹಾಕೋ ಜಾಗವೇ ಇರಲ್ಲ, ದುಡ್ಡು ಗೆಲ್ಲೋ ಜಾಗವೂ ಇರಲ್ಲ. ಗೆದ್ದರೆ ನಗದು, ಫ್ರೆಂಡ್ ಸೇರಿಸಿದರೆ ಬೋನಸ್, ವಾಲೆಟ್‌ಗೆ ಹಣ ಹಾಕಿ ಅಂತ ಬಂದರೆ ಅದು ಪಾಠ ಅಲ್ಲ. ಹಣ ಪಡೆಯೋಕೆ ಯುಪಿಐ ಪಿನ್ ಬೇಕಾಗಲ್ಲ, ಕಳಿಸೋಕೆ ಮಾತ್ರ ಬೇಕು ಅನ್ನೋದು ವ್ಯಾಪಾರಸ್ಥರಿಗೆ ಗೊತ್ತು, ಮಕ್ಕಳಿಗೂ ಹೇಳಿಕೊಡಬೇಕು. ಬಹುಮಾನ ಬಂದಿದೆ, ಪಿನ್ ಒತ್ತು ಅಂತ ಯಾರಾದರೂ ಹೇಳಿದರೆ ಅದು ಮೋಸ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಇನ್ನೊಂದು ಎಚ್ಚರ ಮಾಹಿತಿಯ ಬಗ್ಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳು ಎಂದೇ ಪರಿಗಣಿಸುತ್ತೆ. ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ. ಕೋಡ್ ಹಾಕಿ, ಬರೀ ಅಡ್ಡಹೆಸರಲ್ಲಿ, ಬ್ರೌಸರ್‌ನಲ್ಲೇ ಆಡುವ ಆಟವಾದರೆ ಒಳ್ಳೆಯದು. ಮಗುವಿನ ಪೂರ್ತಿ ಹೆಸರು, ಫೋಟೊ, ಶಾಲೆ ಹೆಸರು, ಫೋನ್ ನಂಬರ್ ಕೇಳುವ ಗೇಮ್‌ಗೆ ಕಾರಣ ಏನು ಅಂತ ಮೊದಲು ಕೇಳಿ. ಕ್ಲಾಸ್‌ಗೆ ಅಂತ ಹೇಳಿ ನಿಮ್ಮ ಫೋನನ್ನು ದೂರದಿಂದ ನಡೆಸುವ ಆ್ಯಪ್ ಹಾಕಿಸಿದರೆ ಖಂಡಿತ ಒಪ್ಪಬೇಡಿ.

ಫೀಸು ಕಟ್ಟೋ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಅಂಗಡಿಗೆ ಮಾಲು ತರಿಸುವಾಗ ಸ್ಯಾಂಪಲ್ ನೋಡ್ತೀವಿ. ಆನ್‌ಲೈನ್ ಕ್ಲಾಸ್‌ಗೂ ಹಾಗೇ ನೋಡಬಹುದು.

1. ಒಂದು ಬ್ಯಾಚ್‌ಗೆ ಎಷ್ಟು ಮಕ್ಕಳು? ಪ್ರತಿ ಮಗು ವಾರಕ್ಕೆ ಎಷ್ಟು ನಿಮಿಷ ಬಾಯಿ ಬಿಟ್ಟು ಮಾತಾಡುತ್ತೆ?
2. ಗೇಮ್ ಎಷ್ಟು ಹೊತ್ತು? ಅದರ ನಂತರ ಏನು ಮಾಡಿಸ್ತೀರಿ?
3. ನಿಮ್ಮ ಗೇಮ್ ಪ್ರಶ್ನೆಗಳು ಮಗುವಿನ ಪಠ್ಯಪುಸ್ತಕಕ್ಕೆ ಹೊಂದುತ್ತವಾ? ರಾಜ್ಯದ ಪಠ್ಯಪುಸ್ತಕಗಳು ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಸಿಗುತ್ತವೆ. ದೀಕ್ಷಾ ಆ್ಯಪ್‌ನಲ್ಲೂ ಕಲಿಕಾ ಸಾಮಗ್ರಿ ಇದೆ. ಹಾಗಾಗಿ ಪುಸ್ತಕ ಸಿಗಲಿಲ್ಲ ಅನ್ನೋ ನೆಪ ನಡೆಯಲ್ಲ.
4. ಗೇಮ್‌ನ ವರದಿಯನ್ನು ತಿಂಗಳಿಗೊಮ್ಮೆ ನಮಗೆ ತೋರಿಸ್ತೀರಾ?
5. ನೆಟ್‌ವರ್ಕ್ ಹೋದ ಮಗುವಿಗೆ, ಫೋನ್ ತಡವಾಗಿ ಸಿಗುವ ಮಗುವಿಗೆ ಏನು ವ್ಯವಸ್ಥೆ?
6. ಗೇಮ್‌ಗೆ ಬೇರೆ ದುಡ್ಡು ಕಟ್ಟಬೇಕಾ? ಯಾವ ಆ್ಯಪ್ ಹಾಕಬೇಕು, ಯಾವ ಮಾಹಿತಿ ಕೊಡಬೇಕು?

ಒಂದು ದಿನದ ಡೆಮೊ ಕ್ಲಾಸ್‌ನಲ್ಲಿ ಎಲ್ಲರೂ ಚೆನ್ನಾಗೇ ಆಡಿಸ್ತಾರೆ. ಸಾಧ್ಯವಾದರೆ ಈಗಾಗಲೇ ನಡೀತಿರುವ ಬ್ಯಾಚ್‌ನಲ್ಲಿ ಒಂದು ದಿನ ಕೂತು ನೋಡೋಕೆ ಕೇಳಬೇಕು. ಹಿಂದಿನ ಸಾಲಿನ ಮಗುವಿನ ಹೆಸರನ್ನೂ ಶಿಕ್ಷಕರು ಕರೀತಾರಾ ಅನ್ನೋದೇ ಗಮನಿಸಬೇಕಾದ ವಿಷಯ.

ಮನೆಯಲ್ಲಿ ಪರೀಕ್ಷೆ ಮಾಡೋದು ಇನ್ನೂ ಸುಲಭ. ಇಂಗ್ಲಿಷ್ ಬರದ ಪೋಷಕರೂ ಮಾಡಬಹುದು. ಕ್ಲಾಸ್ ಮುಗಿದ ಮೇಲೆ ಸ್ಕೋರ್ ಎಷ್ಟು ಅಂತ ಕೇಳಬೇಡಿ. "ಇವತ್ತು ಯಾವ ಪ್ರಶ್ನೆ ತಪ್ಪಾಯ್ತು, ಅದರ ಸರಿ ಉತ್ತರ ಏನು, ಅಮ್ಮನಿಗೆ ಹೇಳಿಕೊಡು" ಅನ್ನಿ. ತಪ್ಪಾದದ್ದನ್ನು ನೆನಪಿಟ್ಟು ಬಿಡಿಸಿ ಹೇಳಿದರೆ ಮಗು ಕಲೀತಿದೆ. ಬರೀ ಪಾಯಿಂಟ್ ಹೇಳಿದರೆ ಇನ್ನೂ ಆಡ್ತಾ ಇದೆ ಅಂತ ತಿಳಿದುಕೊಂಡು, ಮಾರನೇ ದಿನ ಶಿಕ್ಷಕರಿಗೆ ಒಂದು ಫೋನ್ ಮಾಡಿದರೆ ಸಾಕು.